ತಂಬ್ ಹತ್ತಲಿಲ್ಲವೆಂದು ಅಕ್ಕಿ ನಿಲ್ಲಿಸುವಂತಿಲ್ಲ

ಪ್ರಶ್ನೆ: ಪಾಲಿಬೆಟ್ಟದ ಹತ್ತಿರ ಕಾಫಿ ತೋಟದ ಲೈನ್ ಮನೆಯಲ್ಲಿದ್ದೇವೆ. ನಾವು ಜೇನುಕುರುಬರು. ಬಿಪಿಎಲ್ ಕಾರ್ಡ್ ಹುಣಸೂರು ತಾಲ್ಲೂಕಿನದು. ಅದರಲ್ಲಿ ಅತ್ತೆ, ನಾನು, ಇಬ್ಬರು ಮಕ್ಕಳು. ಅತ್ತೆಯ ತಂಬ್ ಮಿಷನ್‌ಗೆ ಹತ್ತುವುದಿಲ್ಲ. ನಾನೇ ಹೋದರೆ ಆ ದಿನದ ಕೂಲಿ ಹೋಗುತ್ತದೆ. ಇಲ್ಲಿನ ಅಂಗಡಿಯವರು ‘ನಿಮ್ಮ ಊರಲ್ಲೇ ತಗೊಳ್ಳಿ’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಹುಣಸೂರಿಗೆ ಹೋಗಬೇಕಾಗಿಲ್ಲ. ಕರ್ನಾಟಕದ ಕಾರ್ಡಿಗೆ ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲೂ ಪಡಿತರ ಪಡೆಯಬಹುದು. ಅಂಗಡಿಯವರು ಹಿಂದೇಟು ಹಾಕುವುದಕ್ಕೆ ಕಾರಣ ದಾಸ್ತಾನು: ಅವರಿಗೆ ಅಕ್ಕಿ ಬರುವುದು ತಮ್ಮಲ್ಲಿ ನೋಂದಾಯಿತ ಕಾರ್ಡುಗಳ ಲೆಕ್ಕದಲ್ಲಿ. ತಿಂಗಳ ಕೊನೆಗೆ ಹೊರಗಿನ ಕಾರ್ಡಿನವರು ಬಂದರೆ ಚೀಲ ಖಾಲಿ. ದಾಸ್ತಾನು ಬಂದ ಕೂಡಲೇ ಹೋಗಿ. ತೋಟಕ್ಕೆ ರಜೆಯಿರುವ ದಿನ ಅಂಗಡಿ ತೆರೆದಿರುತ್ತದೆಯೇ ಎಂದು ಮೊದಲೇ ಕೇಳಿಟ್ಟುಕೊಂಡರೆ ಕೂಲಿಯೂ ಉಳಿಯುತ್ತದೆ.

ಇನ್ನು ತಂಬ್. ವರ್ಷಗಟ್ಟಲೆ ಕಾಫಿ ಕೊಯ್ದು, ಕಪಾತು ಮಾಡಿ, ಮಣ್ಣು ಅಗೆದ ಕೈಯಲ್ಲಿ ಬೆರಳಿನ ಗೆರೆ ಸವೆಯುತ್ತದೆ. ವಯಸ್ಸಾದಂತೆ ಚರ್ಮ ಒಣಗುತ್ತದೆ. ಮಳೆಗಾಲದಲ್ಲಿ ನೆನೆದು ಸುಕ್ಕಾಗುತ್ತದೆ. ಕೈಯನ್ನು ಸೋಪಿನಲ್ಲಿ ತೊಳೆದು ಚೆನ್ನಾಗಿ ಒರೆಸಿಕೊಳ್ಳಲಿ, ಮಿಷನ್ನಿನ ಗಾಜನ್ನೂ ಒರೆಸಲಿ. ಹೆಬ್ಬೆರಳೇ ಆಗಬೇಕೆಂದಿಲ್ಲ, ಹತ್ತರಲ್ಲಿ ಯಾವುದಾದರೂ ಹತ್ತಬಹುದು. ಆಗಲೂ ಆಗದಿದ್ದರೆ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ, ಯಂತ್ರವಿದ್ದಲ್ಲಿ ಕಣ್ಣಿನ ಪಾಪೆಯ ಸ್ಕ್ಯಾನ್. ಮೊಬೈಲ್ ನಂಬರ್ ಬದಲಾಗಿದ್ದರೆ ಒಟಿಪಿ ಬಾರದು. ಆಧಾರ್ ಕೇಂದ್ರದಲ್ಲಿ ನಂಬರನ್ನೂ ಅತ್ತೆಯ ಬೆರಳಚ್ಚನ್ನೂ ಒಟ್ಟಿಗೇ ಹೊಸದು ಮಾಡಿಸಿ. ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತು ಖಚಿತಪಡಿಸುವುದು, ಬೇರೆಯದೇ: ಅದು ಕಾರ್ಡಿನಲ್ಲಿರುವ ಪ್ರತಿಯೊಬ್ಬರದ್ದೂ ಆಗಬೇಕು, ಬಾಕಿಯಿದ್ದವರ ಪಾಲು ನಿಲ್ಲಬಹುದು.

ಬೆರಳು ಹತ್ತದ ಒಂದೇ ಕಾರಣಕ್ಕೆ ಅರ್ಹರಿಗೆ ಧಾನ್ಯ ನಿರಾಕರಿಸಬಾರದೆಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ವಯಸ್ಸಾದ ಹೆಂಗಸನ್ನು ಮೂರು ಸಲ ನಡೆಸಿ ಬರಿಗೈಲಿ ಕಳಿಸುವುದು ತಪ್ಪು. ‘ಕೊಡುವುದಿಲ್ಲ’ ಎಂದರೆ ದಿನಾಂಕ, ಅಂಗಡಿ ಸಂಖ್ಯೆ, ಹೇಳಿದ ಕಾರಣ ಬರೆದಿಟ್ಟುಕೊಂಡು 1967ಕ್ಕೆ ಫೋನ್ ಮಾಡಿ, ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿ ಕೆಲಸವಾಗದಿದ್ದರೆ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿ ಇದ್ದಾರೆ, ಅವರ ಮೇಲೆ ರಾಜ್ಯ ಆಹಾರ ಆಯೋಗ. 2013ರ ಆಹಾರ ಭದ್ರತಾ ಕಾಯ್ದೆಯ 8ನೇ ಕಲಮಿನಂತೆ, ಸಿಗದ ಧಾನ್ಯಕ್ಕೆ ಆಹಾರ ಭದ್ರತಾ ಭತ್ಯೆ ಕೇಳುವ ಹಕ್ಕೂ ಇದೆ.

ನೀವು ಕೇಳದ ಒಂದು ಮಾತು ಹೇಳಲೇಬೇಕು. ಜೇನುಕುರುಬರು ವಿಶೇಷ ದುರ್ಬಲ ಬುಡಕಟ್ಟು. ಅಂತಹ ಕುಟುಂಬಗಳಿಗೆ, ಕಡುಬಡವರಿಗಿರುವ ಅಂತ್ಯೋದಯ ಕಾರ್ಡ್ ಕೊಡಬೇಕೆಂದು ಸುಪ್ರೀಂ ಕೋರ್ಟ್ 2003ರಲ್ಲಿ ಹೇಳಿದೆ. ಬಿಪಿಎಲ್‌ನಲ್ಲಿ ಕೇಂದ್ರದ ಪಾಲು ತಲೆಗೆ 5 ಕಿಲೋ, ನಿಮ್ಮ ನಾಲ್ವರಿಗೆ 20. ಅಂತ್ಯೋದಯದಲ್ಲಿ ಮನೆಗೆ 35. ಕೇಂದ್ರದ ಪಾಲಷ್ಟೇ ಲೆಕ್ಕ ಹಾಕಿದರೆ ಎಂಟು ಜನರ ಮನೆಗೆ ಬಿಪಿಎಲ್ಲೇ ಲೇಸು, ನಿಮಗೆ ಅಂತ್ಯೋದಯ. ಜಾತಿ ಪ್ರಮಾಣಪತ್ರ ಇಟ್ಟು, ಕಾರ್ಡ್ ಇರುವ ಹುಣಸೂರು ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಾಕಿ. ಅಂತ್ಯೋದಯ ಕಾರ್ಡುಗಳಿಗೆ ಒಟ್ಟು ಮಿತಿಯಿರುವುದರಿಂದ ತಡವಾಗಬಹುದು, ಬಿಡಬೇಡಿ.

ಪ್ರಶ್ನೆ: ನಮ್ಮ ಲೈನಿನಲ್ಲಿ ಅಸ್ಸಾಮಿನವರೊಬ್ಬರು ಇದ್ದಾರೆ. ಹೆಂಡತಿ ಮಕ್ಕಳು ಊರಲ್ಲಿ. ಅವರಿಗೆ ಇಲ್ಲಿ ಅಕ್ಕಿ ಸಿಗುತ್ತದೆಯೇ?

ಉತ್ತರ: ಸಿಗುತ್ತದೆ. ಹೆಸರಿರುವ ಕಾರ್ಡಿನ ಸಂಖ್ಯೆ ಅಥವಾ ಆಧಾರ್ ಸಂಖ್ಯೆ ಹೇಳಿ ಬೆರಳಚ್ಚು ಕೊಟ್ಟರಾಯಿತು, ತಮ್ಮ ಪಾಲಿನ 5 ಕಿಲೋ ಇಲ್ಲೇ ಪಡೆದು ಉಳಿದದ್ದನ್ನು ಮನೆಯವರಿಗೆ ಬಿಡಬಹುದು. ಮನೆಯವರು ಆ ತಿಂಗಳ ಅಷ್ಟನ್ನೂ ಒಯ್ದಿದ್ದರೆ ಇಲ್ಲಿ ಬಾಕಿ ಸೊನ್ನೆ ತೋರಿಸುತ್ತದೆ; ಊರಿಗೆ ಮೊದಲೇ ಫೋನ್ ಮಾಡಿ ಹೇಳಿರಲಿ. ಅನ್ನಭಾಗ್ಯದ ಹೆಚ್ಚುವರಿ ಪಾಲು ಅವರಿಗೆ ಬಾರದು. ಕೇಂದ್ರದ ಪಾಲು 2023ರ ಜನವರಿಯಿಂದ ಉಚಿತ, ದುಡ್ಡು ಕೊಡಬೇಕಾಗಿಲ್ಲ. ತೊಂದರೆಯಾದರೆ ಸಹಾಯವಾಣಿ 14445.