ಇನ್ನೂರು ಲೋಟ ಚಹಾ, ಹದಿನೈದು ನಿಮಿಷ

ಜಿಲ್ಲಾ ಗ್ರಂಥಪಾಲಕರ ಸಂಘವೊಂದರ ಕಾರ್ಯದರ್ಶಿ ಬರೆದ ಪತ್ರ ಇದು. ಹೆಸರು, ಊರು ಹಾಕಬೇಡಿ ಎಂದಿದ್ದಾರೆ.

“ನಮ್ಮದು ಎರಡು ದಿನದ ರಾಜ್ಯಮಟ್ಟದ ಸಮ್ಮೇಳನ. 200 ಪ್ರತಿನಿಧಿಗಳು, 40 ಪ್ರಬಂಧಗಳು. ಹೋದ ಸಲ 15 ನಿಮಿಷದ ಚಹಾ ವಿರಾಮಕ್ಕೆ ಎದ್ದುಹೋದವರು ಅರ್ಧ ಗಂಟೆಯಾದರೂ ಮರಳಲಿಲ್ಲ. ಕೊನೆಯ ದಿನ ಸಂಜೆ ಸರ್ವಸದಸ್ಯರ ಸಭೆಗೆ ಉಳಿದವರು 23 ಮಂದಿ. ಈ ಸಲ ವಿರಾಮವನ್ನೇ ತೆಗೆದುಹಾಕಿ ಕುಳಿತಲ್ಲಿಗೇ ಚಹಾ ಕೊಡಬೇಕೆಂದಿದ್ದೇವೆ. ನಮ್ಮವರಿಗೆ ಶಿಸ್ತು ಕಲಿಸುವುದು ಹೇಗೆ? ಕಾರ್ಯಕ್ರಮದ ಕರಡು ಲಗತ್ತಿಸಿದೆ.”

ಮಾನ್ಯರೇ,

ಶಿಸ್ತಿನ ಮಾತು ಆಮೇಲೆ. ಮೊದಲು ಲೋಟದ ಲೆಕ್ಕ ಹಾಕೋಣ. ನಲ್ಲಿ ಇರುವ ಒಂದು ಚಹಾ ಕ್ಯಾನಿನಿಂದ ಒಂದು ಲೋಟ ತುಂಬಿ ಪಕ್ಕಕ್ಕೆ ಸರಿಯಲು ಎಷ್ಟೇ ಚುರುಕಾದರೂ ಐದು ಸೆಕೆಂಡು ಬೇಕು. ನಿಮಿಷಕ್ಕೆ 12 ಲೋಟ. 200 ಜನಕ್ಕೆ ಹದಿನೇಳು ನಿಮಿಷದ ಹತ್ತಿರ. ಅಂದರೆ ನಿಮ್ಮ ವಿರಾಮ ಮುಗಿದಾಗ ಸಾಲಿನ ತುದಿಯಲ್ಲಿದ್ದವರಿಗೆ ಚಹಾ ಇನ್ನೂ ಸಿಕ್ಕಿರಲೇ ಇಲ್ಲ! ಅದೇ ಮೇಜಿನ ಮೇಲೆ ಬಿಸ್ಕತ್ತಿನ ತಟ್ಟೆಯನ್ನೂ ಸಕ್ಕರೆ ಡಬ್ಬಿಯನ್ನೂ ಇಟ್ಟಿದ್ದರೆ ಸಾಲು ಇನ್ನೂ ನಿಧಾನ. ಒಂದೇ ಕಡೆ ಮೂರು ಕ್ಯಾನ್ ಸಾಲಾಗಿ ಇಟ್ಟರೂ ಪ್ರಯೋಜನವಿಲ್ಲ, ಜನ ಮೊದಲನೆಯದಕ್ಕೇ ಮುತ್ತುತ್ತಾರೆ. ಮೂರು ಮೂಲೆಗೆ ಮೂರು ಕ್ಯಾನ್, ಸಕ್ಕರೆ ಹಾಕದ್ದು ಬೇರೆ ಫ್ಲಾಸ್ಕಿನಲ್ಲಿ, ಬಿಸ್ಕತ್ತು ದೂರದ ಮೇಜಿನಲ್ಲಿ. ಆರು ನಿಮಿಷದೊಳಗೆ ಎಲ್ಲರ ಕೈಯಲ್ಲೂ ಲೋಟ ಇರುತ್ತದೆ. ನಿಮ್ಮವರಿಗೆ ಶಿಸ್ತಿಲ್ಲ ಎಂದು ಬರೆದಿದ್ದೀರಿ. ಕೊರತೆ ಇದ್ದದ್ದು ಕ್ಯಾನಿನದು.

ಇನ್ನು ಚಹಾ ವಿರಾಮವನ್ನೇ ತೆಗೆಯುವ ಯೋಚನೆ. ಬೇಡ, ದಯವಿಟ್ಟು ಬೇಡ. ಎಲ್ಲೋ ತಾಲ್ಲೂಕಿನ ಗ್ರಂಥಾಲಯದಲ್ಲಿ ಒಬ್ಬರೇ ಕೂತು ಕೆಲಸ ಮಾಡುವವರು ವರ್ಷಕ್ಕೊಮ್ಮೆ ಬಸ್ಸು ಹತ್ತಿ ಬರುವುದು ತಮ್ಮಂಥದೇ ಕಷ್ಟ ಇರುವ ಇನ್ನೊಬ್ಬರನ್ನು ಕಾಣಲಿಕ್ಕೆ. ಪ್ರಬಂಧವನ್ನು ಮನೆಯಲ್ಲೇ ಓದಬಹುದು. ಹ್ಯಾರಿಸನ್ ಓವನ್ ಎಂಬ ಅಮೆರಿಕದ ಸಂಘಟಕ 1980ರ ದಶಕದಲ್ಲಿ ‘ಓಪನ್ ಸ್ಪೇಸ್’ ಎಂಬ ಸಭಾ ಪದ್ಧತಿಯನ್ನೇ ಕಟ್ಟಿದ್ದು, ಸಮ್ಮೇಳನದಲ್ಲಿ ಜನ ಮೆಚ್ಚಿಕೊಂಡದ್ದು ಕಾಫಿ ವಿರಾಮವನ್ನು ಎಂಬುದನ್ನು ಕಂಡುಕೊಂಡ ಮೇಲೆ. 1931ರಲ್ಲಿ ಶುರುವಾದ, ವಿಜ್ಞಾನಿಗಳ ಗಾರ್ಡನ್ ಸಂಶೋಧನಾ ಸಮ್ಮೇಳನಗಳಲ್ಲಿ ಬೆಳಿಗ್ಗೆ ಮತ್ತು ರಾತ್ರಿ ಗೋಷ್ಠಿ, ಮಧ್ಯಾಹ್ನ ಬಿಡುವು. ಆ ವಿಜ್ಞಾನಿಗಳಿಗೇನು ಕೆಲಸ ಕಡಿಮೆಯೇ?

ಪ್ರಬಂಧವನ್ನು ಮನೆಯಲ್ಲೇ ಓದಬಹುದು ಎಂದೆವಲ್ಲ, ಅದಕ್ಕೊಂದು ಹಳೆಯ ಉದಾಹರಣೆ. 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿ ರಸಾಯನಶಾಸ್ತ್ರಜ್ಞರು ಮೂರು ದಿನ ಸೇರಿ ಪರಮಾಣು ತೂಕದ ಬಗ್ಗೆ ವಾದಿಸಿದರು. ತೀರ್ಮಾನ ಆಗಲಿಲ್ಲ. ಕೊನೆಗೆ ಹೊರಡುವವರ ಕೈಗೆ ಇಟಲಿಯ ಕಾನಿಜ್ಜಾರೋ ಬರೆದ ಒಂದು ಕಿರುಪುಸ್ತಿಕೆಯನ್ನು ಅವರ ಸ್ನೇಹಿತ ಪಾವೇಸಿ ಹಂಚಿದರು. ಸಭೆಗೆ ಬಂದಿದ್ದ ಜರ್ಮನ್ ರಸಾಯನಶಾಸ್ತ್ರಜ್ಞ ಲೋಥರ್ ಮೇಯರ್ ಅದನ್ನು ಓದಿ, ಕಣ್ಣಿನ ಪೊರೆ ಕಳಚಿತು ಎಂದರು. ಕಾನಿಜ್ಜಾರೋ ಭಾಷಣವನ್ನೂ ಮಾಡಿದ್ದರು, ಚೆನ್ನಾಗಿಯೇ ಮಾಡಿದ್ದರು. ಆದರೆ ಮೇಯರ್ ಅವರಿಗೆ ಬೆಳಕು ಕೊಟ್ಟದ್ದು ಜೇಬಿನಲ್ಲಿ ಹೋದ ಕಾಗದ.

ಈಗ ನಿಮ್ಮ ಕರಡಿಗೆ ಬರೋಣ. ಉದ್ಘಾಟನೆ ಬೆಳಿಗ್ಗೆ 10ರಿಂದ 11.15, ವೇದಿಕೆಯಲ್ಲಿ 14 ಗಣ್ಯರು. ಒಬ್ಬೊಬ್ಬರನ್ನು ಹೆಸರು ಹಿಡಿದು ಕರೆದು, ಹೂಗುಚ್ಛ ಕೊಟ್ಟು, ಶಾಲು ಹೊದಿಸಿ, ಸ್ಮರಣಿಕೆ ಹಿಡಿದು ಫೋಟೋಗೆ ನಿಲ್ಲಿಸಲು ಎರಡು ನಿಮಿಷ ಹಿಡಿಯಿರಿ. 28 ಆಯಿತು. ಪ್ರಾರ್ಥನೆ 5, ದೀಪ 5, ಸ್ವಾಗತ 10, ಪ್ರಾಸ್ತಾವಿಕ 10, ಸ್ಮರಣ ಸಂಚಿಕೆ ಬಿಡುಗಡೆ 10, ಆರು ಭಾಷಣಕ್ಕೆ 60, ವಂದನಾರ್ಪಣೆ 10. ಒಟ್ಟು 138 ನಿಮಿಷ. ನೀವು ಬರೆದಿರುವುದು 75. ಆ 63 ನಿಮಿಷ ಎಲ್ಲಿಂದ ತರುತ್ತೀರಿ? ಮಂತ್ರಿಗಳು ಅರ್ಧ ಗಂಟೆ ತಡವಾದರೆ 93. ಮೊದಲು ಹೋಗುವುದು ಪ್ರಶ್ನೋತ್ತರ, ಆಮೇಲೆ ಚಹಾ, ಕೊನೆಗೆ, ಆ ದಿನದ ಪಟ್ಟಿಯಲ್ಲಿ ಹದಿನೆಂಟನೆಯವಳಾಗಿ ಕೂತಿರುವ ಹುಡುಗಿಯ ಹತ್ತು ನಿಮಿಷ. “ಸಮಯದ ಅಭಾವದಿಂದ ಮೂರು ನಿಮಿಷದಲ್ಲಿ ಮುಗಿಸಿ” ಎಂದು ಅವಳಿಗೇ ಹೇಳುತ್ತಾರೆ, ಶಾಲು ಹೊದ್ದವರಿಗೆ ಯಾರೂ ಹೇಳುವುದಿಲ್ಲ.

ವೇದಿಕೆಯೇ ಬೇಡ ಎನ್ನುತ್ತಿಲ್ಲ. ಸಭಾಂಗಣ ಬಾಡಿಗೆಯಿಲ್ಲದೆ ಕೊಟ್ಟವರಿಗೆ, ಊಟದ ಖರ್ಚು ಹೊತ್ತವರಿಗೆ ಮರ್ಯಾದೆ ಸಲ್ಲಲೇಬೇಕು. ಸಲ್ಲಲಿ. ಮೇಲೆ ನಾಲ್ಕೇ ಕುರ್ಚಿ ಹಾಕಿ, ಉಳಿದವರು ಮುಂದಿನ ಸಾಲಿನಲ್ಲಿ ಕೂರಲಿ, ಅಲ್ಲಿಗೇ ಹೋಗಿ ಹೂ ಕೊಡಿ. ಅದಕ್ಕಿಂತ ಮುಖ್ಯ, ಉದ್ಘಾಟನೆಯನ್ನು ಬೆಳಗಿನ ಮೊದಲ ಕೆಲಸವಾಗಿ ಇಡಬೇಡಿ. 9.30ಕ್ಕೆ ಮೊದಲ ಗೋಷ್ಠಿ ಶುರುಮಾಡಿ, ಉದ್ಘಾಟನೆ 11.30ಕ್ಕೆ. ಅತಿಥಿ ತಡವಾದರೆ ಗೋಷ್ಠಿ ಮುಂದುವರಿಯುತ್ತದೆ, ಯಾರೂ ಬಾಗಿಲು ನೋಡುತ್ತ ಕೂರಬೇಕಿಲ್ಲ. ಅತಿಥಿಗೂ ತುಂಬಿದ ಸಭಾಂಗಣ ಸಿಗುತ್ತದೆ. ಬೆಳಿಗ್ಗೆ ಹತ್ತಕ್ಕಾದರೆ ಅರ್ಧ ಜನ ನೋಂದಣಿ ಮೇಜಿನ ಮುಂದೆಯೇ ನಿಂತಿರುತ್ತಾರೆ.

ಆ ಮೇಜಿನದೂ ಒಂದು ತೊಡಕಿದೆ. ಹೆಸರಿನ ಅಕ್ಷರದಂತೆ ಸಾಲು ವಿಂಗಡಿಸಬೇಡಿ. ನಮ್ಮ ಕಡೆ ಒಬ್ಬರು ಇನಿಷಿಯಲ್‌ನಲ್ಲಿ, ಇನ್ನೊಬ್ಬರು ಊರ ಹೆಸರಿನಲ್ಲಿ, ಮತ್ತೊಬ್ಬರು ಮನೆತನದ ಹೆಸರಿನಲ್ಲಿ ತಮ್ಮನ್ನು ಹುಡುಕುತ್ತಾರೆ. ಜಿಲ್ಲಾವಾರು ಮಾಡಿ, ಯಾರಿಗೂ ಗೊಂದಲವಿಲ್ಲ. ಕೊರಳಿಗೆ ಹಾಕುವ ಬಿಲ್ಲೆಯ ಎರಡೂ ಬದಿಗೆ ಹೆಸರು ಅಚ್ಚುಹಾಕಿಸಿ, ಏಕೆಂದರೆ ಅದು ತಿರುಗುತ್ತದೆ, ತಿರುಗಿದಾಗ ಕಾಣುವುದು ಪ್ರಾಯೋಜಕರ ಜಾಹೀರಾತು ಮಾತ್ರ.

ನಲವತ್ತು ಪ್ರಬಂಧದ ವಿಚಾರ. ವೇದಿಕೆಗೆ 12 ಸಾಕು, ತಲಾ ಹತ್ತು ನಿಮಿಷ ಮಾತು, ಹತ್ತು ನಿಮಿಷ ಪ್ರಶ್ನೆ. ಪೂರ್ಣಪಾಠ ಹತ್ತು ದಿನ ಮುಂಚೆ ಎಲ್ಲರ ಫೋನಿಗೆ ಪಿಡಿಎಫ್ ಆಗಿ ಹೋಗಲಿ. ಉಳಿದ 28 ಪೋಸ್ಟರುಗಳಾಗಲಿ. ಎ-ಝೀರೋ ಅಳತೆ, ಅಂದರೆ 841 ಮಿ.ಮೀ. ಅಗಲ, 1189 ಮಿ.ಮೀ. ಎತ್ತರ. 3 ಅಡಿ ಅಗಲ, 4 ಅಡಿ ಎತ್ತರದ ಬೋರ್ಡಿನಲ್ಲಿ ಸರಿಯಾಗಿ ಕೂರುತ್ತದೆ. ಎರಡೂ ಬದಿ ಬಳಸಿದರೆ 14 ಬೋರ್ಡು. ಅವನ್ನು ಚಹಾ ಕೊಡುವ ಜಾಗದಲ್ಲೇ ನಿಲ್ಲಿಸಿ, ಸಾಲುಗಳ ನಡುವೆ ಆರಡಿ ಬಿಡಿ. ವಿರಾಮವನ್ನು 40 ನಿಮಿಷ ಮಾಡಿ. ಬೆಸ ಸಂಖ್ಯೆಯವರು ಬೆಳಿಗ್ಗೆ ತಮ್ಮ ಪೋಸ್ಟರಿನ ಬಳಿ ನಿಲ್ಲಲಿ, ಸಮ ಸಂಖ್ಯೆಯವರು ಮಧ್ಯಾಹ್ನ. ಇಲ್ಲದಿದ್ದರೆ ಪೋಸ್ಟರು ಮಾಡಿದವರು ಇತರರ ಪೋಸ್ಟರು ನೋಡುವುದೇ ಇಲ್ಲ. ಐದು ನಿಮಿಷ ಮುಂಚೆ ಗಂಟೆ ಬಾರಿಸಿ, ಬರುತ್ತಾರೆ.

ಸ್ಲೈಡುಗಳಲ್ಲಿ ಕನ್ನಡವಿದ್ದರೆ ಹಿಂದಿನ ದಿನವೇ ಸಭಾಂಗಣದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪಿಸಿದ್ದು ಆ ಫಾಂಟಿಲ್ಲದ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಯೂನಿಕೋಡಿಗೆ ಬದಲಿಸಿ, ಅಥವಾ ಪಿಡಿಎಫ್ ತರಿಸಿಕೊಳ್ಳಿ. ಕೊನೆಯ ಸಾಲಿನ ದೂರ ಪರದೆಯ ಎತ್ತರದ ಆರು ಪಟ್ಟು ಮೀರಿದರೆ ಸಣ್ಣಕ್ಷರ ಯಾರಿಗೂ ಕಾಣುವುದಿಲ್ಲ.

ಪ್ರಬಂಧ ಇಷ್ಟೊಂದು ಏಕೆ ಬರುತ್ತವೆ ಎಂಬುದು ನಿಮಗೂ ಗೊತ್ತು. 2010ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ತಂದ ನಿಯಮದಲ್ಲಿ ಪ್ರಬಂಧ ಮಂಡನೆಗೆ ಬಡ್ತಿಯ ಅಂಕ ಇಟ್ಟರು, ಅಂತರರಾಷ್ಟ್ರೀಯಕ್ಕೆ ಹೆಚ್ಚು, ರಾಷ್ಟ್ರೀಯಕ್ಕೆ ಅದಕ್ಕಿಂತ ಕಡಿಮೆ. ಕಾಲೇಜು ಗ್ರಂಥಪಾಲಕರೂ ಅದರೊಳಗೆ ಬಂದರು. ನೇಪಾಳದಿಂದ ಒಬ್ಬರು ಬಂದರೂ ಸಾಕು, ಬ್ಯಾನರಿನಲ್ಲಿ ‘ಅಂತರರಾಷ್ಟ್ರೀಯ’ ಸೇರಿತು. ಬಂದವರು ಸಹಿ ಮಾಡಿ, ಬ್ಯಾಗು ತಗೊಂಡು, ಓದಿ, ಸರ್ಟಿಫಿಕೇಟು ಹಿಡಿದು ಮೂರು ಗಂಟೆಯ ಬಸ್ಸಿಗೆ ಹೋದರು. ಸಮ್ಮೇಳನವನ್ನು ಸರ್ಟಿಫಿಕೇಟಿನ ಅಂಗಡಿ ಮಾಡಿದವರು ನೀವಲ್ಲ, ನಿಜ. ಆದರೆ ಅಂಗಡಿಯ ಷಟರ್ ಎತ್ತುವವರು ನೀವೇ.

ಸರ್ವಸದಸ್ಯರ ಸಭೆ ಎರಡನೆಯ ದಿನ ಸಂಜೆ 4.30ಕ್ಕೆ ಇಟ್ಟರೆ 23 ಜನ ಉಳಿದದ್ದೇ ಹೆಚ್ಚು. ಅದೇ ದಿನ ಮಧ್ಯಾಹ್ನ 12.15ಕ್ಕೆ ಇಡಿ, ಊಟಕ್ಕೆ ಮುಂಚೆ. ಕೋರಂ ತಾನಾಗಿ ತುಂಬುತ್ತದೆ. ಲೆಕ್ಕಪತ್ರ ಬೈಲಾದ ಗಡುವಿನೊಳಗೆ ನೋಟಿಸಿನ ಜೊತೆಗೇ ಹೋಗಿರಲಿ, ಸಭೆಯಲ್ಲಿ ಸಾಲುಸಾಲು ಓದಬೇಡಿ. ಒಂದು ಗಂಟೆಗೆ ಊಟ ಎಂದು ಎಲ್ಲರಿಗೂ ಗೊತ್ತಿದ್ದಾಗ ಭಾಷಣಗಳೂ ಗಿಡ್ಡವಾಗುತ್ತವೆ.

ನಿಮ್ಮ ಕರಡಿನ ಮುಖಪುಟದಲ್ಲಿ ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರ ಚಿತ್ರವಿದೆ, ಬೆಂಗಳೂರಿನಲ್ಲೇ ಕೊನೆಯ ವರ್ಷಗಳನ್ನು ಕಳೆದವರು. ಗ್ರಂಥಾಲಯಕ್ಕೆ ಅವರು ಹಾಕಿಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು ನಿಮಗೆ ನಾವು ಹೇಳಿಕೊಡಬೇಕಿಲ್ಲ: ಓದುಗನ ಸಮಯ ಉಳಿಸು. ಅದೇ ಪುಟದಲ್ಲಿ, ಚಿತ್ರದ ಕೆಳಗೆ, ಗಣ್ಯರ ಹೆಸರು 14, ಪದವಿಗಳ ಸಮೇತ. ಚಹಾ ಎಷ್ಟು ಹೊತ್ತಿಗೆ ಎಂದು ಬರೆದಿಲ್ಲ.

— ಸಂ.