ತಲಪಾಡಿ ಗಡಿಯಾಚೆ ಹಡಗು ಮುಳುಗಿದರೆ ನಮಗೇನು?

ಪ್ರಶ್ನೆ: 2025ರಲ್ಲಿ ಕೇರಳದ ಕಡಲಲ್ಲಿ ಒಂದು ಹಡಗು ಮುಳುಗಿತು, ಹದಿನೈದು ದಿನದಲ್ಲಿ ಇನ್ನೊಂದು ಹೊತ್ತಿ ಉರಿಯಿತು. ಇಂಥ ಹೊತ್ತಲ್ಲಿ ಪಕ್ಕದ ರಾಜ್ಯ, ಪಕ್ಕದ ದೇಶ ಎಲ್ಲ ಸೇರಿ ಏನಾದರೂ ಮಾಡುತ್ತವಾ? ಇಲ್ಲ, ಅವರವರ ಕಡಲನ್ನು ಅವರವರೇ ನೋಡಿಕೊಳ್ಳಬೇಕಾ? – ಓದುಗರು, ಉಳ್ಳಾಲ

ಉತ್ತರ: ನಡುಗಡಲಲ್ಲಿ ಸೇರುತ್ತಾರೆ, ದಡಕ್ಕೆ ಬಂದ ಮೇಲೆ ಬಿಡಿಬಿಡಿ. ನನ್ನ ತಕರಾರು ಇರುವುದು ಅಲ್ಲೇ.

ವಾನ್ ಹಾಯ್ 503 ಹಡಗಿಗೆ ಜೂನ್ 9ರಂದು ಬೆಂಕಿ ಬಿದ್ದದ್ದು ಕಣ್ಣೂರಿನಾಚೆ. ಪಾರಾದ 18 ಮಂದಿಯನ್ನು ಕರೆತಂದದ್ದು ನಮ್ಮ ಪಣಂಬೂರು ಬಂದರಿಗೆ. ಕೋಸ್ಟ್ ಗಾರ್ಡ್, ನೌಕಾಪಡೆ ಯಾರೂ ಇದು ಯಾವ ರಾಜ್ಯದ ನೀರು ಅಂತ ಕೇಳಲಿಲ್ಲ. ಎಣ್ಣೆ ಸೋರಿಕೆಗೆ ಅಂತಲೇ 1996ರಿಂದ ರಾಷ್ಟ್ರೀಯ ಯೋಜನೆ ಇದೆ, ಅದರ ಹೊಣೆಯೂ ಕೋಸ್ಟ್ ಗಾರ್ಡಿನದ್ದೇ. ಆದರೆ ಕಸ ಮರಳಿಗೆ ಬಂದು ಬಿತ್ತು ಅಂದರೆ ಬಾಚುವವರು ಆಯಾ ಜಿಲ್ಲೆಯವರು, ಆಯಾ ಊರಿನವರು.

ಎಂಎಸ್‌ಸಿ ಎಲ್ಸಾ 3 ನೋಡಿ. ಮೇ 25ಕ್ಕೆ ಕೊಚ್ಚಿ ಹತ್ತಿರ ಮುಳುಗಿತು, ಅದರಲ್ಲಿ ಸುಮಾರು 640 ಕಂಟೇನರ್. ಒಳಗಿದ್ದ ಪ್ಲಾಸ್ಟಿಕ್ ಗುಳಿಗೆಗಳು, ಸಾಬಕ್ಕಿಯಷ್ಟು ಸಣ್ಣವು, ತಿರುವನಂತಪುರದ ದಡಕ್ಕೆ ಬಂದವು, ತಮಿಳುನಾಡಿಗೂ ಹೋದವು. ಮರಳಲ್ಲಿ ಬೆರೆತ ಮೇಲೆ ಜರಡಿ ಹಿಡಿದೇ ತೆಗೆಯಬೇಕು. ನಮ್ಮ ಕಡೆ ಯಾಕೆ ಬರಲಿಲ್ಲ ಅಂದರೆ, ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ನೀರು ತೆಂಕಕ್ಕೆ ಹರಿಯುತ್ತದೆ, ಚಳಿಗಾಲದಲ್ಲಿ ತಿರುಗಿ ಬಡಗಕ್ಕೆ. ಅದೇ ಹಡಗು ಡಿಸೆಂಬರಲ್ಲಿ ಮುಳುಗಿದ್ದರೆ ಸೋಮೇಶ್ವರ, ಉಳ್ಳಾಲದವರು ಜರಡಿ ಹಿಡಿದು ಕೂರಬೇಕಾಗುತ್ತಿತ್ತೋ ಏನೋ. 2006ರಲ್ಲಿ ಕಾರವಾರದ ಹತ್ತಿರ ಓಷನ್ ಸೆರಾಯಾ ಹಡಗು ಬಂಡೆಗೆ ಸಿಕ್ಕಿಕೊಂಡಾಗ ನಮ್ಮ ನೀರಿನ ಎಣ್ಣೆ ದಕ್ಷಿಣ ಗೋವಾದ ದಡ ಹಿಡಿಯಿತು. ಹಾಗಾಗಿ ಗೋವಾ, ಕರ್ನಾಟಕ, ಕೇರಳ ಮೂರೂ ಸೇರಿ ದಡ ಸ್ವಚ್ಛ ಮಾಡುವ ಒಂದೇ ಪಡೆ, ಒಂದೇ ಸಾಮಾನಿನ ಗೋದಾಮು ಇಟ್ಟುಕೊಳ್ಳಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ದೇಶಗಳ ಮಾತು. ಭಾರತ, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನ, ಬಾಂಗ್ಲಾದೇಶ ಸೇರಿ 1995ರಲ್ಲೇ ದಕ್ಷಿಣ ಏಷ್ಯಾ ಸಮುದ್ರಗಳ ಕ್ರಿಯಾ ಯೋಜನೆ ಒಪ್ಪಿಕೊಂಡಿವೆ, ಕಚೇರಿ ಕೊಲಂಬೋದಲ್ಲಿದೆ. ಆದರೆ ಅದು ಬರೀ ಯೋಜನೆ, ಪಾಲಿಸದಿದ್ದರೆ ಕೇಳುವ ಒಪ್ಪಂದ ಅಲ್ಲ. ಬಾಲ್ಟಿಕ್ ಸಮುದ್ರದ ಸುತ್ತಲಿನವರು 1974ರಲ್ಲೇ ಹೆಲ್ಸಿಂಕಿಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಆಗ ಸೋವಿಯತ್ ಒಂದು ಕಡೆ, ಪಶ್ಚಿಮ ಜರ್ಮನಿ ಇನ್ನೊಂದು ಕಡೆ, ಮುಖ ನೋಡದಂಥ ಕಾಲ. ಆದರೂ ನೀರಿನ ವಿಷಯಕ್ಕೆ ಒಂದೇ ಮೇಜಿಗೆ ಬಂದರು. ನಮ್ಮವರಿಗೂ ಕಷ್ಟ ಕಾಲದಲ್ಲಿ ಆಗುತ್ತದೆ, 2021ರಲ್ಲಿ ಕೊಲಂಬೋ ಹತ್ತಿರ ಎಕ್ಸ್‌-ಪ್ರೆಸ್ ಪರ್ಲ್ ಹಡಗು ಉರಿದಾಗ ನಮ್ಮ ಕೋಸ್ಟ್ ಗಾರ್ಡ್ ಹೋಗಿ ನೀರು ಹಾಯಿಸಿತು. ಬೆಂಕಿ ಬೀಳುವ ಮುಂಚೆ ಸೇರುವುದು ಬಾಕಿ ಇದೆ.

ಪ್ರಶ್ನೆ: ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ನಾವು ಜೂನ್ 1ಕ್ಕೇ ಬೋಟು ದಡಕ್ಕೆ ಕಟ್ಟಬೇಕು, ಕೇರಳದ ಟ್ರಾಲ್ ಬೋಟು ಜೂನ್ 9ರವರೆಗೆ ಓಡಾಡುತ್ತದೆ. ಇದು ಯಾವ ನ್ಯಾಯ? – ಬೋಟ್ ಮಾಲೀಕರು, ಮಲ್ಪೆ

ಉತ್ತರ: ನಿಮ್ಮ ಸಿಟ್ಟು ಸರಿಯೇ. ನಮ್ಮಲ್ಲಿ 61 ದಿನ ರಜೆ, ಅಲ್ಲಿ 52. ದಡದಿಂದ 12 ನಾಟಿಕಲ್ ಮೈಲಿನವರೆಗೆ ಮೀನುಗಾರಿಕೆಯ ಕಾನೂನು ರಾಜ್ಯದ್ದು, ಆಚೆ ಕೇಂದ್ರದ್ದು, ಅದಕ್ಕೇ ಈ ಗೊಂದಲ. ಬೂತಾಯಿ ಮಾತ್ರ ಗೋವಾದಿಂದ ಕನ್ಯಾಕುಮಾರಿವರೆಗೆ ಓಡಾಡುವ ಮೀನು.

ಆದರೆ ದಿನಕ್ಕಿಂತ ದೊಡ್ಡ ವಿಷಯ ಮರಿಮೀನು. ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರ್ ಆಗುವ ಮುಂಚೆ ಹಿಡಿಯಬೇಡಿ ಅಂತ ಕೇಂದ್ರದ ಕಡಲ ಮೀನು ಸಂಶೋಧನಾ ಸಂಸ್ಥೆಯಾದ ಸಿಎಂಎಫ್‌ಆರ್‌ಐ ವಿಜ್ಞಾನಿಗಳು ಹೇಳಿದ್ದಾರೆ, ಕೇರಳ ಅದನ್ನು ಎಲ್ಲರಿಗಿಂತ ಮೊದಲು ಕಾನೂನು ಮಾಡಿತು. ಒಂದು ಕಡೆ ಬಿಗಿ ಮಾಡಿದರೆ ಮರಿಮೀನು ಲಾರಿ ಹತ್ತಿ ಇನ್ನೊಂದು ಕಡೆಯ ಫಿಶ್‌ಮೀಲ್ (ಮೀನಿನ ಪುಡಿ) ಕಾರ್ಖಾನೆಗೆ ಹೋಗುತ್ತದೆ. ದಕ್ಕೆಯಲ್ಲಿ ಬೆರಳುದ್ದದ ಬಂಗುಡೆಯನ್ನು ಐಸೂ ಹಾಕದೆ ರಾಶಿ ಸುರಿದಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ನಾಲ್ಕು ತಿಂಗಳು ಬಿಟ್ಟಿದ್ದರೆ ಅದೇ ಮೀನಿಗೆ ಒಳ್ಳೆ ರೇಟು ಅಲ್ವಾ? ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮಲ್ಪೆ ಬೋಟುಗಳ ಮೇಲೆ ಮಹಾರಾಷ್ಟ್ರದ ಸಿಂಧುದುರ್ಗದ ಬಡ ಮೀನುಗಾರರ ದೂರೂ ಇದೆ. ಲೈಟ್ ಫಿಶಿಂಗ್ (ಜೋರು ದೀಪ ಹಾಕಿ ಮೀನು ಸೆಳೆದು ಹಿಡಿಯುವುದು), ಬುಲ್ ಟ್ರಾಲಿಂಗನ್ನು (ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವುದು) ಕೇಂದ್ರ 2017ರಲ್ಲೇ ನಿಷೇಧಿಸಿದೆ. ಬೇರೆಯವರಿಗೆ ಹೇಳುವ ಮುಂಚೆ ನಾವು ಬಿಡಬೇಕು. ನಿಮ್ಮ ಸಂಘದವರು ಕಾಸರಗೋಡಿನ ಸಂಘದವರನ್ನು ಕೂರಿಸಿಕೊಂಡು, ಒಂದೇ ರಜೆ, ಒಂದೇ ಬಲೆಕಣ್ಣಿನ ಅಳತೆ ಕೇಳಿ ಎರಡೂ ಸರ್ಕಾರಕ್ಕೆ ಒಂದೇ ಅರ್ಜಿ ಕೊಡಿ.

ಪ್ರಶ್ನೆ: ಕಡಲ ಬದಿಯಲ್ಲಿ ಕಂಟೇನರೋ ಡಬ್ಬಿಯೋ ತೇಲಿ ಬಂದರೆ? – ಗೃಹಿಣಿ, ಕಾಪು

ಉತ್ತರ: ಮುಟ್ಟಬೇಡಿ, ಮಕ್ಕಳನ್ನೂ ಬಿಡಬೇಡಿ. ಎಲ್ಸಾದ 12 ಕಂಟೇನರಿನಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು, ಅದಕ್ಕೆ ನೀರು ತಾಗಿದರೆ ಬೆಂಕಿ ಹಿಡಿಯುವ ಗ್ಯಾಸ್ ಬರುತ್ತದೆ. ದೂರ ನಿಂತು 112ಕ್ಕೆ ಅಥವಾ ಕೋಸ್ಟ್ ಗಾರ್ಡಿನ 1554ಕ್ಕೆ ಫೋನ್ ಮಾಡಿ.