ಹುಲ್ಲೂ ಗ್ಲೂಕೋಸ್, ಅನ್ನವೂ ಗ್ಲೂಕೋಸ್: ಬಸವನಗುಡಿಯ ಓದುಗರಿಗೆ ಉತ್ತರ

ಮಗಳಿಗೆ ಪಿಯುಸಿ ಪಾಠ ಓದಿಸುವಾಗ ಎರಡು ಪ್ರಶ್ನೆ ಬಂತು ಅಂತ ಬಸವನಗುಡಿಯಿಂದ ಬರೆದಿದ್ದೀರಿ. ಅಕ್ಕಿಯ ಪಿಷ್ಟವೂ ಹುಲ್ಲಿನ ಸೆಲ್ಯುಲೋಸೂ ಬರೀ ಗ್ಲೂಕೋಸ್ ಆದರೆ ಹುಲ್ಲು ನಮಗೆ ಯಾಕೆ ಅರಗಲ್ಲ? ಪ್ರೋಟೀನ್, ಡಿಎನ್‌ಎ ಜೊತೆ ಕೊಬ್ಬನ್ನೂ ದೊಡ್ಡ ಅಣುಗಳ ಗುಂಪಿಗೆ ಯಾಕೆ ಸೇರಿಸಿದ್ದಾರೆ? ಮೊದಲನೆಯದು ನನಗೆ ತುಂಬಾ ಇಷ್ಟವಾಯಿತು ಮೇಡಂ, ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ಗಾಂಧಿ ಬಜಾರಿನಲ್ಲಿ ಹೂ ಕಟ್ಟುವವರ ಕೈ ನೋಡಿರುತ್ತೀರಿ. ಬುಟ್ಟಿಯಲ್ಲಿರೋದೆಲ್ಲ ಒಂದೇ ಥರದ ಮಲ್ಲಿಗೆ ಮೊಗ್ಗು. ಎಲ್ಲವನ್ನೂ ಒಂದೇ ಕಡೆ ಮುಖ ಮಾಡಿ ಕಟ್ಟಿದರೆ ಒಂದು ಥರ, ಒಂದು ಬಿಟ್ಟು ಒಂದನ್ನು ತಿರುಗಿಸಿ ಕಟ್ಟಿದರೆ ಬೇರೆಯೇ ಮಾಲೆ, ಅಲ್ವಾ? ಪಿಷ್ಟದಲ್ಲಿ ಗ್ಲೂಕೋಸ್‌ಗಳೆಲ್ಲ ಒಂದೇ ಮುಖವಾಗಿ ಕೂತಿರುತ್ತವೆ, ಸರಪಳಿ ಸುರುಳಿ ಸುತ್ತಿಕೊಳ್ಳುತ್ತದೆ. ಸೆಲ್ಯುಲೋಸಿನಲ್ಲಿ ಒಂದು ಬಿಟ್ಟು ಒಂದು ತಲೆಕೆಳಗು. ಸರಪಳಿ ನೆಟ್ಟಗೆ ನಿಂತು, ಪಕ್ಕದವುಗಳ ಜೊತೆ ಬಿಗಿಯಾಗಿ ಅಂಟಿಕೊಂಡು ನಾರಾಗುತ್ತದೆ. ಹತ್ತಿ ಸೀರೆ ಹೆಚ್ಚುಕಮ್ಮಿ ಪೂರ್ತಿ ಅದೇ. ನಮ್ಮ ಎಂಜಲಿನ ಅಮೈಲೇಸ್ ಎಂಬ ಕಿಣ್ವ ಪಿಷ್ಟದ ಗಂಟನ್ನು ಮಾತ್ರ ಬಿಚ್ಚಬಲ್ಲದು. ಸಾರು ಕಲಸದ ಅನ್ನವನ್ನು ಒಂದು ನಿಮಿಷ ಸುಮ್ನೆ ಅಗಿಯಲು ಮಗಳಿಗೆ ಹೇಳಿ, ನಾಲಿಗೆಗೆ ಸಿಹಿ ತಾನಾಗಿ ಬರುತ್ತದೆ. ಸೆಲ್ಯುಲೋಸಿನ ಗಂಟು ಬಿಚ್ಚುವ ಕಿಣ್ವ ನಮಗಿಲ್ಲ. ಹಸುವಿಗೂ ಸ್ವಂತದ್ದಿಲ್ಲ, ಅದರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಆ ಕೆಲಸ ಮಾಡಿಕೊಡುತ್ತವೆ.

ಪ್ರೋಟೀನಿನಲ್ಲಿ ಹೂವುಗಳೇ 20 ಬಗೆ, ಅಮೈನೋ ಆಮ್ಲಗಳು ಅಂತ ಹೆಸರು. ಯಾವುದರ ಪಕ್ಕ ಯಾವುದು ಅನ್ನೋದೇ ಅಲ್ಲಿ ಮುಖ್ಯ. ರಕ್ತದಲ್ಲಿ ಆಮ್ಲಜನಕ ಒಯ್ಯುವ ಪ್ರೋಟೀನ್ ಹಿಮೋಗ್ಲೋಬಿನ್‌ನ ಬೀಟಾ ಎಳೆಯಲ್ಲಿ 146 ಇವೆ. ಆರನೆಯದೊಂದು ಬದಲಾಗಿ, ಆ ಬದಲಾವಣೆ ಅಪ್ಪ ಅಮ್ಮ ಇಬ್ಬರಿಂದಲೂ ಮಗುವಿಗೆ ಬಂದರೆ, ದುಂಡಗಿರಬೇಕಾದ ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ರಕ್ತನಾಳದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆ ಮಗು ಪಡುವ ನೋವು ಹೇಳತೀರದು. ಅಮೈನೋ ಆಮ್ಲಗಳ ಈ ಸಾಲನ್ನು ಬರೆದಿಟ್ಟಿರೋದು ಡಿಎನ್‌ಎ, ನಾಲ್ಕೇ ಅಕ್ಷರದಲ್ಲಿ, ಮೂರು ಅಕ್ಷರಕ್ಕೆ ಒಂದು ಅಮೈನೋ ಆಮ್ಲದ ಲೆಕ್ಕ. ನಕಲು ಮಾಡಿಕೊಂಡು ಒಯ್ಯೋದು ಆರ್‌ಎನ್‌ಎ. ಇನ್ನೊಂದು ಮಾತು, ನಮ್ಮ ಚರ್ಮ ಮೂಳೆಗಳಲ್ಲಿರುವ ಕೊಲಾಜನ್ ಎಂಬ ಪ್ರೋಟೀನ್ ಮೂರು ಎಳೆಯ ಹುರಿ ಅಂತ 1950ರ ದಶಕದಲ್ಲಿ ಮದ್ರಾಸಿನಲ್ಲಿ ತೋರಿಸಿದ ವಿಜ್ಞಾನಿ ಜಿ.ಎನ್. ರಾಮಚಂದ್ರನ್ ಮುಂದೆ ನಮ್ಮ ಬೆಂಗಳೂರಿನ ಐಐಎಸ್‌ಸಿಗೇ ಬಂದರು. ಮಗಳಿಗೆ ಇದನ್ನೂ ಹೇಳಿ.

ಇನ್ನು ಕೊಬ್ಬು. ಅದು ಸರಪಳಿಯೇ ಅಲ್ಲ, ಒಂದು ಗ್ಲಿಸರಾಲ್‌ಗೆ ಮೂರು ಕೊಬ್ಬಿನಾಮ್ಲ ಅಂಟಿರುವ ಸಣ್ಣ ಅಣು. ಆದರೆ ಸಣ್ಣ ಅಣು, ದೊಡ್ಡ ಅಣು ಅಂತ ಬೇರೆ ಮಾಡಲು ಅಂಗಾಂಶವನ್ನು ಆಮ್ಲ ಹಾಕಿ ಅರೆದು ಬಟ್ಟೆಯಲ್ಲಿ ಸೋಸಿದಾಗ, ಜೀವಕೋಶದ ಪೊರೆಯಲ್ಲಿರುವ, ಕೊಬ್ಬಿನ ಬಳಗಕ್ಕೇ ಸೇರಿದ ಲಿಪಿಡ್‌ಗಳು ಚೂರಾಗಿ, ನೀರಿನಲ್ಲಿ ಕರಗದ ಪುಟ್ಟ ಚೀಲಗಳಾಗಿ, ದೊಡ್ಡ ಅಣುಗಳ ಜೊತೆ ಮೇಲೇ ಉಳಿದುಬಿಡುತ್ತವೆ. ಪಟ್ಟಿಗೆ ಸೇರಿದ್ದು ಹಾಗೆ. ಪರೀಕ್ಷೆಯಲ್ಲಿ ಮಾತ್ರ ಕೊಬ್ಬನ್ನು ಪಾಲಿಮರ್, ಅಂದರೆ ತುಣುಕುಗಳನ್ನು ಪೋಣಿಸಿದ ಸರಪಳಿ, ಅಂತ ಬರೆಯೋದು ಬೇಡ.

– ಸಂ.